ಅರ್ಧ ಗಡ್ಡ

ಅರ್ಧ ಗಡ್ಡ ಹೆರೆಸಿಕೊಂಡಿದ್ದ ಮೇಷ್ಟರು, ಇನ್ನರ್ಧ ಮುಖದ ತುಂಬ ನೊರೆ ಇಟ್ಟುಕೊಂಡೇ ಕುರ್ಚಿಯಿಂದ ಎದ್ದುಬಿಟ್ಟರು. "ಉಳಿದದ್ದು ಚಿಕ್ಕ ಕತ್ತರಿ ಮಾಡಲಿ," ಎಂದು ಪಕ್ಕದ ಕುರ್ಚಿಗೆ ಹೋಗಿ ಕುಳಿತರು.

ಆ ಕ್ಷೌರದಂಗಡಿಯ ಗಿರಾಕಿಗಳ ಬಾಯಲ್ಲಿ ಅಣ್ಣ ದೊಡ್ಡ ಕತ್ತರಿ, ತಮ್ಮ ಚಿಕ್ಕ ಕತ್ತರಿ. ದೊಡ್ಡ ಕತ್ತರಿ ರೇಜರ್ ಹಿಡಿದವನು ಹಾಗೇ ನಿಂತ.

"ಯಾಕೆ ಮೇಷ್ಟ್ರೇ, ಕೈ ನಡುಗ್ತಾ? ಎಲ್ಲಾದ್ರೂ ಕುಯ್ತಾ?"

"ಕೈಗೇನೂ ಆಗಿಲ್ಲಪ್ಪ," ಎಂದ ಮೇಷ್ಟರು ಅವನ ಮುಖ ನೋಡಲಿಲ್ಲ.

ಆರು ತಿಂಗಳಿಂದ ಹೀಗೇ. ಅಪ್ಪನ ಕಾಲದ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ತಮ್ಮನ ಕುರ್ಚಿಗೆ ಸರಿದಿದ್ದರು. ಅಲ್ಲಿ ಸಾಲು, ಇಲ್ಲಿ ನೊಣ. "ನಿನ್ನ ಕಣ್ಣು ಮಂಜಾಗಿದೆ ಅಂತ ಜನಕ್ಕೆ ಹೆದರಿಕೆ ಅಣ್ಣ," ಎಂದು ತಮ್ಮನೇ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದ್ದ. ಕನ್ನಡಕ ಬಂತು, ಗಿರಾಕಿ ಬರಲಿಲ್ಲ. ನಿನ್ನೆ ಮೆಲ್ಲಗೆ ಇನ್ನೊಂದು ಮಾತು ತೆಗೆದಿದ್ದ: "ಸೋಮವಾರದಿಂದ ನೀನು ಟವೆಲ್ ಮಡಚಿಕೊಂಡು ಕೂತಿರು ಸಾಕು. ನಿನ್ನ ಕುರ್ಚಿಗೆ ಬೇರೆ ಕೆಲಸದವನ್ನ ಹಾಕ್ತೀನಿ." ನಲವತ್ತು ವರ್ಷ ನಿಂತು ಕಾಲು ಸವೆಸಿದ ಜಾಗ ಅದು.

ಮಧ್ಯಾಹ್ನ, ಹೇಗೂ ಬೇರೆ ಮುಖವಿಲ್ಲವೆಂದು ದೊಡ್ಡ ಕತ್ತರಿ ತನ್ನ ಮುಖಕ್ಕೇ ನೊರೆ ಬಳಿದುಕೊಂಡ. ಬಲಗೆನ್ನೆಯ ಮೇಲೆ ರೇಜರ್ ಎಡವಿತು. ಊರ ಕೆನ್ನೆಯೆಲ್ಲ ಸವರಿದ ಕೈಗೆ ಮಾಂಸ ಯಾವುದು, ಬಾವು ಯಾವುದು ತಿಳಿಯದೆ ಇದ್ದೀತೆ? ಮುಟ್ಟಿದರೆ ಬಿಸಿ. ಒತ್ತಿದರೆ ಬಾಯೊಳಗೆ ಉಪ್ಪುಪ್ಪಾಗಿ ಏನೋ ಇಳಿಯಿತು. ಟವೆಲಿಗೆ ಉಗಿದು ನೋಡಿದ. ಕೀವು.

ಹಲ್ಲಿನ ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಈ ಹಲ್ಲು ಮೊದಲು ನೋಯ್ತಿರಲಿಲ್ವಾ?"

"ಪ್ರಾಣ ಹೋಗೋ ಹಾಗೆ ನೋಯ್ತಿತ್ತಮ್ಮ. ಕುಯ್ದ ಗಾಯಕ್ಕೆ ಹಚ್ಚೋ ಪಟಿಕಾನೇ ಒಸಡಿಗೂ ತಿಕ್ಕಿದೆ. ನಾಲ್ಕೇ ದಿನಕ್ಕೆ ಮಾಯ! ಬಂದ ಗಿರಾಕಿಗಳಿಗೆಲ್ಲ ಬಗ್ಗಿ ಬಗ್ಗಿ ಅದನ್ನೇ ಹೇಳ್ತಿದ್ದೆ."

"ಹಲ್ಲಿನ ನರ ಸತ್ತುಹೋಯ್ತು, ನೋವು ನಿಂತಿತು. ಕೀವು ನಿಲ್ಲಲಿಲ್ಲ ಯಜಮಾನ್ರೇ, ಒಳಗೊಳಗೇ ತಿನ್ತಾ ಬಂತು. ಇನ್ನೂ ತಡ ಮಾಡಿದ್ರೆ ಕುತ್ತಿಗೆಗೆ ಇಳಿದು ಜೀವಕ್ಕೇ ಬರೋದು." ಡಾಕ್ಟರಮ್ಮ ಸ್ವಲ್ಪ ಹಿಂಜರಿದು ಕೇಳಿದರು, "ಬೇಜಾರು ಮಾಡ್ಕೋಬೇಡಿ. ಬಾಯಿ ಇಷ್ಟು ವಾಸನೆ ಬರ್ತಿದೆ ಅಂತ ಮನೆಯಲ್ಲಿ ಯಾರೂ ಹೇಳಲಿಲ್ವಾ?"

"ಮನೆಯಲ್ಲಿ ತಮ್ಮ ಒಬ್ಬನೇ. ಅಂಗಡೀಲೂ ಅವನೇ ಪಕ್ಕದಲ್ಲಿ..." ಸೂಜಿ ಚುಚ್ಚಿದ್ದೂ ದೊಡ್ಡ ಕತ್ತರಿಗೆ ತಿಳಿಯಲಿಲ್ಲ.

ಸಂಜೆ ಹತ್ತಿ ಕಚ್ಚಿಕೊಂಡು ಅಂಗಡಿಗೆ ಬಂದ. ಕೊನೆಯ ಗಿರಾಕಿಯ ಕೂದಲು ಗುಡಿಸುತ್ತಿದ್ದ ತಮ್ಮ ತಲೆ ಎತ್ತಿದ.

"ಏನಂದ್ರು ಅಣ್ಣ ಡಾಕ್ಟ್ರು?"

"ಹಲ್ಲು ಕಿತ್ರು. ಗುಂಡಿ ಎಷ್ಟಿದೆ, ಸ್ವಲ್ಪ ನೋಡೋ."

ದೊಡ್ಡ ಕತ್ತರಿ ಹತ್ತಿ ತೆಗೆದು, ತಮ್ಮನ ಮುಖದ ಹತ್ತಿರ ಬಾಯಿ ಅಗಲಿಸಿದ. ತಮ್ಮ ಪೊರಕೆ ಒರಗಿಸಿ ಬಂದು ಬಗ್ಗಿ ನೋಡಿದ. ಮುಖದ ತುಂಬ ಕನಿಕರ. ಅಣ್ಣನ ಕಣ್ಣು ಮಾತ್ರ ಅವನ ಎದೆಯ ಮೇಲಿತ್ತು. ಬಗ್ಗುವ ಮೊದಲೇ ತಮ್ಮ ಉಸಿರೆಳೆದು ಕಟ್ಟಿದ್ದ, ಬಹಳ ದಿನ ಪಳಗಿದವನ ಹಾಗೆ. ನೋಡಿ ಮುಗಿಸಿ ಹಿಂದೆ ಸರಿಯುವವರೆಗೂ ಆ ಎದೆ ಏರಲಿಲ್ಲ, ಇಳಿಯಲಿಲ್ಲ.