ಮಾಲೀಕರ ಮಾತು

"ದಡ್ಡಿ ಅಂದ್ಯಂತೆ! ನಿನ್ನ ಬಾಯಿಂದಲೇ ಅಂದ್ಯಂತೆ!"

ಮಗಳು ಕೈಚೀಲವನ್ನು ಹೊಲಿಗೆ ಯಂತ್ರದ ಮೇಲೆ ಎಸೆದ ರಭಸಕ್ಕೆ ಸೂಜಿ ಟಕ್ಕೆಂದು ಮುರಿಯಿತು. ಬ್ಯಾಗು ರಿಪೇರಿಯವನು ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರವನ್ನು ಉಗುಳಿ ತಲೆ ಎತ್ತಿದ.

"ಯಾರಿಗಂದೆ? ಯಾವಾಗಂದೆ?"

"ಕೊರಿಯರ್ ಆಫೀಸಿನವರಿಗೆ. ನಿನ್ನೆ ಫೋನ್ ಬಂದಿತ್ತಲ್ಲ? ಇಂಟರ್‌ವ್ಯೂನಲ್ಲಿ ಎಲ್ಲಾ ಸರಿಯಾಗೇ ಇತ್ತಂತೆ. 'ನಿಮ್ಮ ಮಾಲೀಕರೇ ಬೇಡ ಅಂದ್ಬಿಟ್ರಲ್ಲಮ್ಮ' ಅಂದ್ರು."

"ಓ, ಆಯಮ್ಮನಾ? ಒಳ್ಳೆ ಮಾತೇ ಆಡ್ದೆನಲ್ಲೇ! 'ನನ್ನ ಮಗಳೇ ತಾಯಿ, ಬರೀ ದಡ್ಡಿ, ಏನೂ ಬರಲ್ಲ, ನೀವೇ ಕಿವಿ ಹಿಂಡಿ ಕಲಿಸ್ಕೊಳ್ಳಿ' ಅಂದೆ. ಆಯಮ್ಮ ಥ್ಯಾಂಕ್ಸ್ ಅಂತ ಬೇರೆ ಅಂದ್ರು."

ಮಗಳು ಹಣೆ ಚಚ್ಚಿಕೊಂಡಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಆ ಕೆಲಸಕ್ಕೆ ಕೊಟ್ಟ ರೆಸ್ಯೂಮ್ ಬರೆಸಿದವನೇ ಅವನು. 'ಅನುಭವ' ಎಂದಿದ್ದ ಕಡೆ ಏನು ಬರೆಯಬೇಕೆಂದು ತೋಚದೆ ಅವಳು ಪೆನ್ನು ಕಚ್ಚುತ್ತ ಕೂತಿದ್ದಾಗ, "ಇಷ್ಟು ವರ್ಷ ಈ ಅಂಗಡೀಲಿ ನೊಣ ಹೊಡೀತಿದ್ಯಾ? ಅದನ್ನ ಬರಿ!" ಎಂದು ಗದರಿದ್ದ. ಅವಳು ಬರೆದಳು. ರೈಲಿಗೆ ಹೊತ್ತಾಯಿತೆಂದು ಕುದಿಯುತ್ತ ಬರುವ ಗಿರಾಕಿಗಳನ್ನು ಸಮಾಧಾನ ಮಾಡಿ ಕೂರಿಸುವುದು, ಯಾವ ಚೀಲ ಯಾರದೆಂದು ಚೀಟಿಯಿಲ್ಲದೆ ನೆನಪಿಡುವುದು, ಆಗದ ಕೆಲಸವನ್ನು ಆಗದು ಎಂದು ಮನಸ್ಸು ನೋಯದಂತೆ ಹೇಳುವುದು. ಓದಿಸಿಕೊಂಡು ಕೇಳಿದಾಗ ಅವನ ಎದೆ ಉಬ್ಬಿತ್ತು. ಹಾಳೆಯ ಕೊನೆಯಲ್ಲಿ, ವಿಚಾರಿಸಬೇಕಾದವರು ಅಂಗಡಿಯ ಮಾಲೀಕರು ಎಂದು ಅವನದೇ ನಂಬರು.

"ಮಾಲೀಕನ ಹಾಗೆ ಮಾತಾಡಪ್ಪ ಅಂತ ಬಡ್ಕೊಂಡಿದ್ನಲ್ಲ!"

"ಶುರು ಮಾಡಿದ್ದು ಹಾಗೇನೇ. ಹುಡುಗಿ ಹೇಗೆ ಅಂತ ಕೇಳಿದ್ರು. ಹೆತ್ತವನು ಹೊರಗಿನವರ ಮುಂದೆ ಮಗಳನ್ನ ಹೊಗಳೋದುಂಟೇನೇ? ಜನ ಏನಂದ್ಕೊಳ್ಳಲ್ಲ?" ಅವನ ದನಿಯೂ ಏರಿತು. "ನಮ್ಮಪ್ಪ ನನ್ನ ಕಿವಿ ಹಿಡ್ಕೊಂಡು ಮೇಸ್ತ್ರಿ ಹತ್ರ ಕರ್ಕೊಂಡು ಹೋಗಿ, 'ಇವನು ಕೆಲಸಕ್ಕೆ ಬಾರದೋನು, ಮೂಳೆ ಮುರಿದಾದ್ರೂ ತಿದ್ದಿ' ಅಂದ. ಮೇಸ್ತ್ರಿ ನಕ್ಕು ಆಗಲೇ ಕೈಗೆ ದಬ್ಬಳ ಕೊಟ್ಟ. ಹಾಗಂದಿದ್ದಕ್ಕೇ ನನಗೆ ಕೆಲಸ ಸಿಕ್ಕಿತು ಕಣೇ!"

"ಹಾಗಂದಿದ್ದಕ್ಕೇ ನನಗೆ ಹೋಯ್ತು."

ಅವನು ಕಣ್ಣು ಕಣ್ಣು ಬಿಟ್ಟ. ಅದೇ ಮಾತು, ಅದೇ ಅಕ್ಕರೆ. ಅಲ್ಲಿ ಬಾಗಿಲು ತೆರೆದದ್ದು ಇಲ್ಲಿ ಹೇಗೆ ಮುಚ್ಚಿತು?

ಮಗಳು ಹತ್ತಿರ ಬಂದಳು. ದನಿ ಇಳಿದಿತ್ತು. "ಅವರ ವಿಷಯ ಬಿಡಪ್ಪ. ಈಗ ಇಲ್ಲಿ ಹೊರಗಿನವರು ಯಾರೂ ಇಲ್ಲ. ನನಗೇ ಹೇಳು. ನಾನು ಕೆಲಸ ಚೆನ್ನಾಗಿ ಮಾಡ್ತೀನಾ, ಇಲ್ವಾ?"

ಅವನು ಬಾಯಿ ತೆರೆದ. ಅವಳ ಮುಖ ನೋಡಲಾಗದೆ ಯಂತ್ರದ ಕಡೆ ಕಣ್ಣು ಹೊರಳಿಸಿದ.

"ಸೂಜಿ ಮುರಿದು ಹಾಕಿದ್ಯಲ್ಲೇ, ಕತ್ತೆ."

ಮಗಳು ಚೀಲದಿಂದ ರೆಸ್ಯೂಮ್ ತೆಗೆದು ಅಂಗಡಿ ಕೆಲಸದ ಬಗ್ಗೆ ಬರೆದಿದ್ದ ಸಾಲುಗಳ ಮೇಲೆ ಉದ್ದಕ್ಕೂ ಗೀಟು ಎಳೆದಳು. ಪಕ್ಕದಲ್ಲಿ 'ಅನುಭವ ಇಲ್ಲ' ಎಂದು ಬರೆದಳು. ಹಾಳೆಯನ್ನು ಮಡಚಿಕೊಂಡು, ರಿಪೇರಿಗೆ ಬಂದ ಸೂಟ್‌ಕೇಸುಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದಳು.

ಮಧ್ಯಾಹ್ನ ಕಳೆಯಿತು. ಅವಳು ಬರಲಿಲ್ಲ. ಹೊಸ ಸೂಜಿ ಸಿಕ್ಕಿಸಿ ಅವನು ಒಂದೇ ಜಿಪ್ಪನ್ನು ಹೊಲಿದ, ಬಿಚ್ಚಿದ, ಮತ್ತೆ ಹೊಲಿದ. ಇನ್ನೊಂದು ಆಫೀಸಿನಿಂದ ಫೋನ್ ಬಂದರೆ ಏನು ಹೇಳಬೇಕೆಂದು ಒಳಗೊಳಗೇ ಉರು ಹೊಡೆದ: ನಮ್ಮ ಹುಡುಗಿ ಬಹಳ ಜಾಣೆ, ಬಹಳ ಜಾಣೆ. ಫೋನ್ ಬರಲಿಲ್ಲ. ಸಂಜೆಯಾದರೂ ಅವಳೂ ಬರಲಿಲ್ಲ.

ದೀಪ ಹಾಕುವ ಹೊತ್ತಿಗೆ ಕನ್ನಡಕದ ಹೆಂಗಸೊಬ್ಬಳು ಚಕ್ರ ಹಾಕಿಸಲು ಕೊಟ್ಟಿದ್ದ ಸೂಟ್‌ಕೇಸು ಒಯ್ಯಲು ಬಂದಳು. ಅವನು ಕಪ್ಪಗಿನದೊಂದು ತಂದಿಟ್ಟ. ಅದಲ್ಲ. ನೀಲಿಯದು ತಂದ. ಅದೂ ಅಲ್ಲ.

"ಎಲ್ಲಿ ನಿಮ್ಮ ಮಗಳು? ನನ್ನ ಮುಖ ಕಂಡ್ರೆ ಸಾಕು, ತಂದು ಮುಂದಿಡ್ತಾಳೆ. ಎಷ್ಟು ಚೂಟಿ ಹುಡುಗಿ!"

"ಅವಳಾ? ಅಯ್ಯೋ, ಅವಳಿಗೇನು ಬರುತ್ತೆ ಬಿಡಿ ತಾಯಿ," ಎಂದುಬಿಟ್ಟಿತ್ತು ಅವನ ನಾಲಿಗೆ.

ಹೆಂಗಸು ಕನ್ನಡಕ ಸರಿಮಾಡಿಕೊಂಡು, ಮುಂದಿದ್ದ ಸೂಟ್‌ಕೇಸುಗಳನ್ನೂ ಅವನನ್ನೂ ನೋಡಿದಳು.

"ಹಾಗಾದ್ರೆ ನನ್ನದೆಲ್ಲಿ, ನೀವೇ ಹುಡುಕಿ ಕೊಡಿ."