ಹಿಡಿಯದ ಬ್ರೇಕು

ಮನೆಯಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಹಳೆಯ ಕಾರು ಶಾಂತವ್ವನ ಮೇಲೆ ಹರಿದು ಹನ್ನೆರಡು ದಿನವಾಗಿತ್ತು. ಕಾರು ನಡೆಸುತ್ತಿದ್ದವನು ಅವಳ ಮಗ ಮಲ್ಲೇಶಿ. "ಬ್ರೇಕ್ ತುಳದೆ, ಹಿಡೀಲಿಲ್ಲ" ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದ. ಆಮೇಲೆ ಮಾತನ್ನೇ ಬಿಟ್ಟ, ಊಟವನ್ನೂ ಬಿಟ್ಟ.

ಆ ದಿನ ಬೆಳಿಗ್ಗೆ ಅವನ ಅಪ್ಪ ಚನ್ನವೀರಪ್ಪ ಜಾಕ್ ಹಚ್ಚಿ ಕಾರನ್ನು ಎತ್ತಿದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹೆಂಡತಿ ಸತ್ತ ಮೇಲೆ ಆ ಕಾರನ್ನು ಅವನೂ ಮುಟ್ಟಿರಲಿಲ್ಲ. ಮಗ ಹೊಸ್ತಿಲು ದಾಟಿ ಬರಲಿಲ್ಲ.

"ಅದನ್ನ ಗುಜರಿಗೆ ಹಾಕಿಬಿಡಪಾ."

"ಯಾಕ ಹಿಡೀಲಿಲ್ಲ ಅಂತ ನೋಡೂಣು."

ಚನ್ನವೀರಪ್ಪ ನಾಲ್ಕೂ ಗಾಲಿ ಬಿಚ್ಚಿದ. ಬ್ರೇಕ್ ಆಯಿಲ್ ನೋಡಿದ. ಕಾರಿನ ಅಡಿಗೆ ನುಸುಳಿ ಬಹಳ ಹೊತ್ತು ಅಲ್ಲೇ ಮಲಗಿದ್ದ.

"ಅಪ್ಪಾ, ಖರೇ ಹೇಳು." ಮಗ ಹೊಸ್ತಿಲ ಮೇಲಿಂದಲೇ ಕೇಳಿದ. "ಬ್ರೇಕ್ ಅಂತ ನಾ ಎಕ್ಸಲೇಟರ್ ತುಳದ್ನೇನು? ನನಗ ನೆನಪೇ ಆಗವಲ್ದು. ನಾನೇ ಅವ್ವನ್ನ ಕೊಂದ್ನೇನು?"

"ಬ್ರೇಕಿನ ಆಯಿಲ್ ಪೈಪ್ ಒಡದೈತಿ," ಎಂದ ಅಪ್ಪ, ಕಾರಿನ ಅಡಿಯಿಂದಲೇ. "ನೀ ಎಷ್ಟು ತುಳದ್ರೂ ಹಿಡೀತಿರಲಿಲ್ಲ. ನಿಂದೇನೂ ತಪ್ಪಿಲ್ಲ."

ಮಲ್ಲೇಶಿ ಹೊಸ್ತಿಲ ಮೇಲೆ ಕುಸಿದು ಕೂತು, ಹನ್ನೆರಡು ದಿನ ಬಾರದಿದ್ದ ಅಳುವನ್ನೆಲ್ಲ ಅತ್ತ. ಆಮೇಲೆ ತಾನಾಗಿಯೇ ಒಳಗೆ ಹೋಗಿ ಒಂದು ರೊಟ್ಟಿ ತಿಂದು, ಮುಖ ತೊಳೆದು ಬಂದ.

"ಪ್ಯಾಟಿಗೆ ಹೋಗಿ ಹೊಸಾ ಪೈಪ್ ತರ್ತೀನಿ."

"ಹೋಗಿ ಬಾ. ಹಳೇದನ್ನ ಬಿಚ್ಚಿ ಇಟ್ಟಿರ್ತೀನಿ."

ಮಗ ಓಣಿ ತಿರುಗುವವರೆಗೆ ಕಾದು, ಚನ್ನವೀರಪ್ಪ ಮತ್ತೆ ಕಾರಿನಡಿ ನುಸುಳಿದ. ಎಲ್ಲೂ ಒಂದು ಬಿರುಕಿಲ್ಲದ ಪೈಪನ್ನು ಬ್ಲೇಡಿನಿಂದ ಕೊಯ್ದ.