ಬೀಗನ ಮೊಣಕಾಲು

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ. ಬೀಗ ಮತ್ತೊಮ್ಮೆ ಸ್ಟ್ಯಾಂಡಿನ ಕಡೆ ತಿರುಗಿ ನೋಡಿದ, ಅಷ್ಟರಲ್ಲಿ ಚೆಂಡು ಅವನ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹೋಯಿತು. ಗೋಲ್‌ಕೀಪರ್ ಹೇಗೋ ಹಾರಿ ಅದನ್ನು ತಬ್ಬಿಕೊಂಡು ಗದರಿದ.

"ಏನೋ ಅದು, ಅಲ್ಲಿ ನಿಮ್ಮ ಮಾವ ಬಂದು ಕೂತಿದಾರಾ?"

"ಮಾವನಿಗಿಂತ ದೊಡ್ಡೋರು ಕಣೋ," ಎಂದ ಬೀಗ.

ಬೀಗ ಎಂದರೆ ಕೆಳಗಿನ ಡಿವಿಷನ್ನಿನ ಫುಟ್‌ಬಾಲ್ ಡಿಫೆಂಡರ್. ಅವನು ಗೋಲಿನ ಮುಂದೆ ನಿಂತರೆ ಬಾಗಿಲಿಗೆ ಬೀಗ ಜಡಿದಂತೆ ಎಂದು ಜನ ಇಟ್ಟ ಹೆಸರು. ಹುಲ್ಲು ಮೂಲೆಗಳಲ್ಲಿ ಮಾತ್ರ ಬೆಳೆಯುವ ಮೈದಾನ, ನೀರು ಬಾರದ ಷವರ್, ಸೊಂಟ ಮುರಿಯುವ ಬಸ್ಸು, ಅವನ ಆಟವೆಲ್ಲ ಇಷ್ಟರಲ್ಲೇ ಕಳೆದಿತ್ತು. ಮೇಲಿನ ಡಿವಿಷನ್ನನ್ನು ಅವನು ಟಿವಿಯಲ್ಲಷ್ಟೇ ನೋಡಿದ್ದ.

ಬೆಳಗ್ಗೆ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾಗ ಕೋಚ್ ಬಂದು ಪಿಸುಗುಟ್ಟಿದ್ದರು.

"ಮೇಲಿನ ಡಿವಿಷನ್‌ನವರಿಗೆ ಒಬ್ಬ ಡಿಫೆಂಡರ್ ಬೇಕಂತೆ. ನೀನು, ಇಲ್ಲಾಂದ್ರೆ ನಿನ್ ಪಕ್ಕ ಆಡೋ ಲಂಬು. ಆರಿಸೋರು ಇವತ್ತು ಮೈದಾನದಲ್ಲೇ ಇರ್ತಾರೆ."

"ಯಾರು ಸಾರ್?"

"ನಂಗೂ ಹೇಳಿಲ್ಲ ಮಾರಾಯ. ಗೊತ್ತಾದ್ರೆ ನೀವೆಲ್ಲ ನಾಟಕ ಶುರು ಮಾಡ್ತೀರಲ್ಲ!"

ಮನೆಯಲ್ಲಿ ಹೆಂಡತಿ ಅವನ ಬೂಟಿನ ಮಣ್ಣು ಕೆರೆಯುತ್ತಾ ಗಡುವು ಕೊಟ್ಟಿದ್ದಳು. "ಈ ಸಲಾನೂ ಮೇಲೆ ಹೋಗ್ಲಿಲ್ಲ ಅಂದ್ರೆ ಸುಮ್ನೆ ನಮ್ಮಣ್ಣನ ಟೈಲ್ಸ್ ಅಂಗಡಿಗೆ ಬಂದುಬಿಡಿ. ಟೈಲ್ಸು ಯಾರ ಮೊಣಕಾಲಿಗೂ ಒದೆಯಲ್ಲ." ಬೀಗ ಒಪ್ಪಿದ್ದ. ಒಪ್ಪದೆ ಏನು ಮಾಡುತ್ತಾನೆ? ಭಾವನ ಮುಂದೆ ನಿಂತು ಬಚ್ಚಲುಮನೆಗೆ ಯಾವ ಬಣ್ಣ ಚೆಂದ ಎಂದು ಗಿರಾಕಿಗಳಿಗೆ ಹೇಳುವುದನ್ನು ನೆನೆದರೇ ಅವನಿಗೆ ಬೆವರು ಕಿತ್ತುಬರುತ್ತಿತ್ತು.

ಸ್ಟ್ಯಾಂಡಿನ ತುತ್ತತುದಿಯಲ್ಲಿ ಒಬ್ಬ ಒಂಟಿಯಾಗಿ ಕೂತಿದ್ದ. ತಲೆಗೆ ಟೋಪಿ, ಕಣ್ಣಿಗೆ ದುರ್ಬೀನು. ಇಂಥ ಪಂದ್ಯಕ್ಕೆ ದುರ್ಬೀನು ತರುವವರು ಯಾರು? ಅವನೇ! ಬೀಗ ಎದೆ ಸೆಟೆಸಿದ.

ಅವನು ಇವತ್ತು ಕಾಯಬೇಕಾದದ್ದು ಎದುರು ತಂಡದ ಫಾರ್ವರ್ಡನ್ನು. ಬೊಕ್ಕತಲೆ, ತುಸು ಹೊಟ್ಟೆ. ಎಲ್ಲರೂ ಕರೆಯುತ್ತಿದ್ದುದು ತಾತ ಎಂದೇ. ಓಡುವುದಕ್ಕಿಂತ ನಿಂತು ನೋಡುವುದೇ ಹೆಚ್ಚು, ಆದರೆ ಚೆಂಡು ಮೇಲೆ ಬಂತೋ, ಆ ಬೊಕ್ಕತಲೆಗೆ ಸಿಕ್ಕಿತೆಂದೇ ಲೆಕ್ಕ.

ಇಂಥವರಿಗೆ ಬೀಗನ ಬಳಿ ಒಂದು ಮದ್ದಿತ್ತು. ಅದು ಕಾಲಿನಲ್ಲಿರಲಿಲ್ಲ, ಬಾಯಲ್ಲಿತ್ತು. ಪ್ರತಿ ಪಂದ್ಯಕ್ಕೂ ಒಂದೊಂದು ಹೊಸ ಸುಳ್ಳು. ಒಮ್ಮೆ ಜ್ವರ. ಒಮ್ಮೆ ಹೆಂಡತಿಗೆ ಹೆರಿಗೆ ನೋವು. ಪಾಪ, ಆ ದಿನ ಎದುರಾಳಿ ಅವನನ್ನು ಸಮಾಧಾನಪಡಿಸುವುದರಲ್ಲೇ ಅರ್ಧ ಪಂದ್ಯ ಕಳೆದಿದ್ದ.

ಇವತ್ತು ಮಾತಿಗೆಳೆದವನು ತಾತನೇ. ಕಾರ್ನರ್ ಕಿಕ್ಕಿಗೆ ಕಾಯುತ್ತಾ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾಗ ಕೇಳಿದ.

"ಮೊಣಕಾಲು ಹೇಗಿದೆ ಮರಿ?"

ಓಹೋ, ಮುದುಕ ನನ್ನ ಆಟ ನನ್ನ ಮೇಲೇ ಆಡುತ್ತಿದ್ದಾನೆ! ಬೀಗ ಮುಖ ಬಾಡಿಸಿಕೊಂಡ.

"ಏನ್ ಹೇಳ್ಲಿ ತಾತ, ಮುಗೀತು. ಇನ್ನೊಂದು ಪೆಟ್ಟು ಬಿದ್ರೆ ಕೋಲು ಹಿಡಿಯೋದೇ ಗತಿ ಅಂದಿದಾರೆ ಡಾಕ್ಟ್ರು. ಇದೇ ನನ್ನ ಕೊನೇ ಪಂದ್ಯ."

"ಅಯ್ಯೋ! ನಿಜ ಹೇಳು."

"ಹೆಂಡ್ತಿ ಮೇಲಾಣೆ." ತೋಳಿನಿಂದ ಬೆವರೊರೆಸಿದ. ದೂರದಿಂದ ಅದು ಕಣ್ಣೀರೊರೆಸಿದ ಹಾಗೇ ಕಾಣುತ್ತಿತ್ತು.

ಚೆಂಡು ಬಂತು. ತಾತ ಮೈ ತಾಗಿಸಲೂ ಹೆದರಿ ಅರ್ಧಂಬರ್ಧ ಎಗರಿದ. ಬೀಗ ಅವನ ತಲೆಯ ಮೇಲಿಂದ ಹಾರಿ ಚೆಂಡನ್ನು ಆಚೆಗಟ್ಟಿದ. ಮದ್ದು ನಾಟಿತ್ತು.

ಸ್ವಲ್ಪ ಹೊತ್ತು ಬಿಟ್ಟು ತಾತ ಮತ್ತೆ ಶುರು ಹಚ್ಚಿಕೊಂಡ. "ಆ ಲಂಬು ಹೇಗೆ? ಹೇಳಿದ್ ಮಾತು ಕೇಳ್ತಾನಾ?"

ಚೆಂಡು ಲಂಬುವಿನ ಕಡೆ ಹೋದರೆ ದುರ್ಬೀನೂ ಆ ಕಡೆಗೇ ತಿರುಗುತ್ತದಲ್ಲ! "ಅವನಾ? ಅಪ್ಪಟ ಚಿನ್ನ ತಾತ. ನನಗಿಂತ ಎಷ್ಟೋ ಪಾಲು ಮೇಲು. ಅವನ ಕಡೆ ತಲೆ ಹಾಕ್ಲೇಬೇಡಿ, ನನ್ನ ಕಡೆಯಿಂದ್ಲೇ ಬನ್ನಿ."

ತಾತ ತಲೆಯಾಡಿಸಿದ. ಆಮೇಲೆ ಬಂದ ಚೆಂಡೆಲ್ಲ ಬೀಗನ ಕಡೆಗೇ. ಬೀಗ ಒದ್ದ, ಜಾರಿದ, ಎಗರಿದ, ಗೋಲಿನ ಗೆರೆಯ ಮೇಲಿಂದಲೇ ಚೆಂಡನ್ನು ಕಿತ್ತು ತೆಗೆದ. ಸೀಟಿ ಊದಿದಾಗ ಅವನ ತಂಡ ಗೆದ್ದಿತ್ತು, ಎದುರು ತಂಡದ ಲೆಕ್ಕದಲ್ಲಿ ಸೊನ್ನೆ.

ಬೀಗ ಹಲ್ಲು ಕಿರಿಯುತ್ತಾ ಸ್ಟ್ಯಾಂಡಿನ ಕಡೆ ತಿರುಗಿದ. ಪಂದ್ಯ ಮುಗಿದರೂ ಟೋಪಿಯವನ ದುರ್ಬೀನು ಕೆಳಗಿಳಿದಿರಲಿಲ್ಲ. ಅದು ದೀಪದ ಕಂಬದ ತುದಿಯಲ್ಲಿದ್ದ ಹದ್ದಿನ ಗೂಡಿನ ಮೇಲೆ ನೆಟ್ಟಿತ್ತು.

ಹಾಗಾದರೆ ಆರಿಸುವವರು ಯಾರು? ಯೋಚಿಸಲು ಪುರುಸೊತ್ತೇ ಸಿಗಲಿಲ್ಲ. ತಾತ ಆಗಲೇ ಕಾಮೆಂಟರಿಯವನ ಕೈಯಿಂದ ಮೈಕು ಕಿತ್ತುಕೊಂಡಿದ್ದ.

"ಎಲ್ರೂ ಕೇಳಿ! ಇದು ನಮ್ಮ ಬೀಗನ ಕೊನೇ ಪಂದ್ಯ! ಮುರುಕು ಮೊಣಕಾಲಲ್ಲಿ ನೋವು ನುಂಗ್ಕೊಂಡು ಆಡಿದಾನೆ. ಎದ್ದು ಚಪ್ಪಾಳೆ ತಟ್ರಪ್ಪಾ!"

ಇಡೀ ಮೈದಾನ ಎದ್ದು ನಿಂತಿತು. ಕೋಚ್ ಬಾಯಿ ಬಿಟ್ಟುಕೊಂಡು ನೋಡಿದರು. ಲಂಬು ಓಡಿ ಬಂದು ತಬ್ಬಿಕೊಂಡು ಗೊಳೋ ಎಂದು ಅತ್ತ. ಎದುರು ತಂಡದವರು ಬೀಗನನ್ನು ಹೆಗಲ ಮೇಲೆ ಹೊತ್ತರು. ಮೇಲಿನಿಂದ ಅವನಿಗೆ ಪಂದ್ಯ ನೋಡಲು ಬಂದಿದ್ದ ಹೆಂಡತಿ ಕಂಡಳು. ಆನಂದದಿಂದ ಕುಣಿಯುತ್ತಿದ್ದಳು, ಫೋನು ಆಗಲೇ ಕಿವಿಯಲ್ಲಿತ್ತು. "ಅಣ್ಣಾ, ಬರ್ತಾರಂತೆ!" ಎಂಬುದು ತುಟಿಯ ಅಲುಗಾಟದಲ್ಲೇ ತಿಳಿಯುತ್ತಿತ್ತು.

"ತಾತ, ಅದು... ನಾನು ಸುಮ್ನೆ..."

"ಗೊತ್ತು ಮರಿ. ಬಿಟ್ಟು ಹೋಗೋದು ಸಂಕಟಾನೇ." ತಾತ ಅವನನ್ನು ಗಾಜಿನ ಸಾಮಾನಿನಂತೆ ಮೆಲ್ಲಗೆ ಕೆಳಗಿಳಿಸಿ, ಕಿವಿಯ ಹತ್ತಿರ ಬಾಗಿದ. "ಮುಂದಿನ ಸೀಸನ್ನಿಂದ ಆ ಮೇಲಿನ ಟೀಮಿಗೆ ನಾನೇ ಕೋಚ್. ಇವತ್ತು ಆರಿಸೋಕೆ ಬಂದೋನೂ ನಾನೇ. ನಿನ್ನನ್ನೇ ಕರ್ಕೊಂಡು ಹೋಗ್ಬೇಕು ಅಂತಿದ್ದೆ, ಏನ್ ಮಾಡೋದು ಹೇಳು? ನೀನು ಹೇಳ್ದಂಗೆ ಆ ಲಂಬೂನೇ ಒಯ್ತೀನಿ."

ನಿಮ್ಮ ಮೊಣಕಾಲು ಕಬ್ಬಿಣದ ಹಾಗಿದ್ದು, ಇಡೀ ಮೈದಾನ ಅದಕ್ಕಾಗಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರೆ, ಆ ಗಳಿಗೆಯಲ್ಲಿ ನೀವೇನು ಮಾಡುತ್ತಿದ್ದಿರಿ?